ಹನ್ನೊಂದನೇ ಮನೆಯ ಬಾಗಿಲು

ಭಾನುವಾರ, ಮಾರ್ಚ್ ೯

ಅಕ್ಕಾ,

ನೀನು ಎಲ್ಲಿದ್ದೀಯೋ ಅಲ್ಲಿಗೆ ನಿನ್ನ ಬಾಲದ ನಮಸ್ಕಾರ. ನಾವೆಲ್ಲ ಇಲ್ಲಿ ಕ್ಷೇಮ ಅಂತ ಬರೆಯುವುದು ಪದ್ಧತಿ. ಆದರೆ ನೀನಿಲ್ಲದೆ ಯಾರು ಕ್ಷೇಮ? ನೀನು ಮನೆ ಬಿಟ್ಟು ಇವತ್ತಿಗೆ ಇಪ್ಪತ್ತಾರು ದಿನ. ಹೆಂಗಸರ ಆಶ್ರಯಧಾಮ ಒಂದರಲ್ಲಿ ಇದ್ದೀಯ, ಆರೋಗ್ಯವಾಗಿದ್ದೀಯ, ಇಷ್ಟನ್ನು ಮಾತ್ರ ನಮ್ಮ ಆಫೀಸಿನ ದೊಡ್ಡಮೇಡಂ ಹೇಳಿದ್ದಾರೆ. ಯಾವ ಊರು, ಯಾವ ಬೀದಿ ಅಂತ ಬಾಯಿ ಬಿಟ್ಟಿಲ್ಲ. ಈ ಕಾಗದವನ್ನೂ ಅವರ ಕೈಗೇ ಕೊಡಬೇಕು.

ಭಾವ ತುಂಬಾ ಸೊರಗಿದ್ದಾರೆ. ಹೊತ್ತಿಗೆ ಸರಿಯಾಗಿ ಕ್ಷೌರದ ಅಂಗಡಿ ತೆಗೆಯುತ್ತಾರೆ, ಕತ್ತರಿ ಹಿಡಿಯುತ್ತಾರೆ, ಆದರೆ ಕೆಲಸದಲ್ಲಿ ಮನಸ್ಸಿಲ್ಲ. ನಮ್ಮವರ ಸಂಘದ ಸಭೆಗೆ ಹೋದರೂ ಸುಮ್ಮನೆ ಕೂತು ಬರುತ್ತಾರಂತೆ. ಮನೆ ಅಂದಮೇಲೆ ಒಂದು ಮಾತು ಬರುತ್ತದೆ, ಒಂದು ಮಾತು ಹೋಗುತ್ತದೆ. ಹೊರಗಿನಿಂದ ಬಂದು ಸೇರಿದ ನಾಲ್ಕು ಜನ ನಾವು. ಈ ಊರಿನವರು ಮೊದಲೇ ನಮ್ಮನ್ನು ಒಂದು ಥರ ನೋಡುತ್ತಾರೆ. ನಮ್ಮ ಮನೆ ಜಗಳ ಅವರ ಬಾಯಿಗೆ ಬಿದ್ದರೆ ಮಾನ ಹೋಗುವುದು ಒಬ್ಬರದ್ದಲ್ಲ, ನಮ್ಮವರ ಮನೆಗಳ ಇಡೀ ಸಾಲಿನದು. ನಿನಗೆ ನಾನು ಹೇಳಿಕೊಡಬೇಕಾದ್ದಿಲ್ಲ.

ನಿನ್ನನ್ನು ನೋಡಬೇಕು ಅಂತ ಅಂಗಲಾಚಿ ಕೇಳುತ್ತಿದ್ದೇನೆ. ಎಲ್ಲಿದ್ದೀಯ ಅಂತ ಒಂದೇ ಒಂದು ಸಾಲು ಬರೆ. ಬೀದಿಯ ಹೆಸರು ಬೇಡ ಅನ್ನಿಸಿದರೆ ಹತ್ತಿರದ ಬಸ್ ನಿಲ್ದಾಣದ ಹೆಸರಾದರೂ ಬರೆ. ನಾನು ಒಬ್ಬಳೇ ಬರುತ್ತೇನೆ. ಯಾರಿಗೂ ಹೇಳುವುದಿಲ್ಲ. ಕಣ್ತುಂಬ ನೋಡಿ ವಾಪಸು ಬರುತ್ತೇನೆ, ಅಷ್ಟೆ.

ಮಂಗಳವಾರ

ಅಕ್ಕಾ, ಮೇಲಿನ ಹಾಳೆ ಎರಡು ದಿನ ಅಡುಗೆಮನೆ ಮೇಜಿನ ಮೇಲೆ ಉಪ್ಪಿನ ಡಬ್ಬಿಯ ಕೆಳಗೆ ಇತ್ತು. ಹೋಗುತ್ತಾ ಬರುತ್ತಾ ಓದಿದೆ. ಅಕ್ಷರವೇನೋ ನನ್ನದೇ. ಆದರೆ ನಿನಗೆ ಹೇಳಬೇಕಾದ ಒಂದು ಮಾತೂ ಅದರಲ್ಲಿಲ್ಲ. ಇವತ್ತು ಕೆಲಸಕ್ಕೆ ರಜೆ ಹಾಕಿ, ಬೆಳಿಗ್ಗೆಯ ಟೀ ಕುಡಿದ ಲೋಟವನ್ನೂ ತೊಳೆಯದೆ ಬರೆಯಲು ಕೂತಿದ್ದೇನೆ. ತೊಳೆಯದ ಲೋಟ ಅಂದ ಕೂಡಲೆ ನಿನ್ನ ಕಣ್ಣು ಕೆಂಪಾಗಿರುತ್ತದೆ, ಗೊತ್ತು. ಬಂದು ಬೈದು ಹೋಗು. ಇಪ್ಪತ್ತೆಂಟು ದಿನದಿಂದ ನನಗೆ ಬೈಯುವವರೇ ಇಲ್ಲ.

ನೀನು ಹೋದ ಮೇಲೆ ನಾನು ಏನೇನು ಮಾಡುತ್ತಿದ್ದೇನೆ ಕೇಳು. ನೀನು ಕೆಲಸ ಮಾಡುತ್ತಿದ್ದ ಲಾಂಡ್ರಿ ಕಾರ್ಖಾನೆಯ ಗೇಟಿನ ಮುಂದೆ, ಪಾಳಿ ಬಿಡುವ ಹೊತ್ತಿಗೆ ಸರಿಯಾಗಿ, ಏನೋ ಕೆಲಸವಿದ್ದ ಹಾಗೆ ಹಾದು ಹೋಗುತ್ತೇನೆ. ಆಸ್ಪತ್ರೆಯ ಹಾಸಿಗೆ ಬಟ್ಟೆ ಇಸ್ತ್ರಿ ಮಾಡಿದ ವಾಸನೆ ನಿಮ್ಮ ಗುಂಪಿನ ಜೊತೆ ಹೊರಗೆ ಬರುತ್ತದೆ. ಅದು ನಿನ್ನ ಕತ್ತಿನ ವಾಸನೆ. ಚಿಕ್ಕವಳಿದ್ದಾಗ ನಿನ್ನ ಬೆನ್ನಿಗೆ ಅಂಟಿಕೊಂಡು ಮಲಗುತ್ತಿದ್ದ ನನಗೆ ನಿನ್ನ ವಾಸನೆ ಬಂದರೆ ನಿದ್ದೆ ಬರಬೇಕು, ಈಗ ಅಳು ಬರುತ್ತದೆ. ಮೊನ್ನೆ ಬಸ್ಸಿನಲ್ಲಿ ಯಾರೋ ಒಬ್ಬಳು ನಿನ್ನ ಥರವೇ ಚೀಲವನ್ನು ಎದೆಗೆ ಅವಚಿಕೊಂಡು ನಿಂತಿದ್ದಳು. ಅವಳು ಇಳಿದ ಕಡೆ ಇಳಿದೆ. ನಾನು ಇಳಿಯಬೇಕಾದ್ದು ಇನ್ನೂ ಐದು ನಿಲ್ದಾಣ ಮುಂದೆ. ಅವಳು ತಿರುಗಿ ಏನು ಅಂತ ಕೇಳಿದಳು. ಗಂಟೆ ಎಷ್ಟು ಅಂತ ಕೇಳಿ ಪಾರಾದೆ.

ಬೆಡ್‌ಶೀಟ್ ಮಡಿಸುವುದಕ್ಕೆ ಇಬ್ಬರು ಬೇಕು ಅಂತ ನನಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ. ನೀನು ಒಂದು ತುದಿ, ನಾನು ಒಂದು ತುದಿ. ನಾಲ್ಕು ಹೆಜ್ಜೆ ಬಂದು ಮೂಲೆಗೆ ಮೂಲೆ ಸೇರಿಸಿ ನನ್ನ ಮೂಗು ಹಿಂಡಿ ಹೋಗುತ್ತಿದ್ದೆ. ಈಗ ಒಬ್ಬಳೇ ಮಡಿಸಿದರೆ ಅರ್ಧ ನೆಲಕ್ಕೆ ತಾಗುತ್ತದೆ.

ಸರಿ, ಬಂದ ವಿಷಯಕ್ಕೆ ಬರುತ್ತೇನೆ. ಸುತ್ತಿ ಬಳಸಿ ಹೇಳುವುದು ನನ್ನ ಹಳೇ ರೋಗ.

ನನ್ನ ಕೆಲಸ ಏನು ಅಂತ ನಿನಗೆ ಗೊತ್ತು. ಆದರೂ ಬರೆಯುತ್ತೇನೆ, ಇಲ್ಲದಿದ್ದರೆ ನನ್ನ ತಪ್ಪು ಎಷ್ಟು ದೊಡ್ಡದು ಅಂತ ಕಾಣುವುದಿಲ್ಲ. ಕಾರ್ಖಾನೆಯ ಹಿಂದಿನ ಸಾಲಿನಲ್ಲಿ ನಮ್ಮವರ ಇಪ್ಪತ್ತೆರಡು ಮನೆ. ತಿಂಗಳಿಗೊಮ್ಮೆ ಹೆಗಲಿಗೆ ಬಿಪಿ ಯಂತ್ರದ ಚೀಲ ಹಾಕಿಕೊಂಡು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಬಾಗಿಲು ತಟ್ಟುತ್ತೇನೆ. ಆರೋಗ್ಯ ತಪಾಸಣೆ ಅಂತ ಬೋರ್ಡು. ಯಂತ್ರ ಹಾಕುವಾಗ ಪಕ್ಕದಲ್ಲಿ ಯಾರೂ ಇರಬಾರದು, ಮಾತು ಕೇಳಿಸಿದರೆ ಬಿಪಿ ಏರುತ್ತದೆ ಅಂತ ಗಂಡಂದಿರನ್ನೂ ಅತ್ತೆಯರನ್ನೂ ಹೊರಗೆ ಕಳಿಸುತ್ತೇನೆ. ಪಟ್ಟಿ ಕಟ್ಟಬೇಕಾದರೆ ಅಂಗಿಯ ತೋಳು ಮೇಲಕ್ಕೆ ಮಡಚಲೇಬೇಕು. ಮಡಚಿದರೆ ಕಾಣಬೇಕಾದ್ದು ಕಾಣುತ್ತದೆ. ಆಗ ಮೆಲ್ಲಗೆ ಮೂರು ಪ್ರಶ್ನೆ ಕೇಳುತ್ತೇನೆ. ಮನೆಯಲ್ಲಿ ಭಯ ಆಗುತ್ತಾ, ಯಾರಾದರೂ ಕೈ ಮಾಡುತ್ತಾರಾ, ಹೊರಗೆ ಹೋಗಬೇಕು ಅನ್ನಿಸಿದರೆ ಹೋಗುವುದಕ್ಕೆ ಜಾಗ ಇದೆಯಾ. ಐದು ನಿಮಿಷದ ಕೆಲಸ. ಕೊನೇ ಮನೆಯ ರೇಡಿಯೋ ಅಜ್ಜಿ ಮಾತ್ರ ಎರಡೂ ತೋಳಿಗೆ ಹಾಕಿಸಿಕೊಳ್ಳುತ್ತಾಳೆ, ಒಂದಕ್ಕೆ ಹಾಕಿದರೆ ಇನ್ನೊಂದಕ್ಕೆ ಬೇಜಾರಾಗುತ್ತಂತೆ.

ಈ ಕೆಲಸಕ್ಕೆ ಇರುವುದು ಒಂದೇ ಕಟ್ಟುನಿಟ್ಟು. ಒಂದು ಮನೆಯನ್ನೂ ಬಿಡಬಾರದು. ಬೇಕಾದವರ ಮನೆಗೆ ಮಾತ್ರ ಹೋದರೆ ಆ ಮನೆಯಲ್ಲಿ ಏನೋ ಇದೆ ಅಂತ ಬೀದಿಗೆಲ್ಲ ಗೊತ್ತಾಗುತ್ತದೆ, ಆಮೇಲೆ ಆ ಹೆಂಗಸಿನ ಗತಿ ದೇವರೇ ಕಾಯಬೇಕು. ಎಲ್ಲರ ಮನೆಗೂ ಹೋದರೆ ಯಾರ ಮೇಲೂ ಕಣ್ಣಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಇದನ್ನು ಮೊದಲ ದಿನ ಹೇಳಿಕೊಡುವವಳು ನಾನು.

ಆ ನಾನು ಮೂರು ವರ್ಷದಿಂದ ಹನ್ನೊಂದನೇ ಮನೆಯನ್ನು ಬಿಡುತ್ತಾ ಬಂದೆ. ಹತ್ತನೆಯದರಿಂದ ಹೊರಬಂದು ತಲೆ ತಗ್ಗಿಸಿ ಹನ್ನೆರಡಕ್ಕೆ ಹೋಗುತ್ತಿದ್ದೆ. ನನ್ನ ಅಕ್ಕನ ಮನೆಗೆ ನಾನು ಚೀಲ ಹಾಕಿಕೊಂಡು ಹೋಗುವುದೇ, ವಾರಕ್ಕೊಮ್ಮೆ ಊಟಕ್ಕೇ ಹೋಗುತ್ತೇನಲ್ಲ ಅಂತ ನನಗೆ ನಾನೇ ಹೇಳಿಕೊಂಡಿದ್ದೆ. ಅದು ನೆಪ ಅಕ್ಕಾ. ನಿಜ ಬೇರೆ.

ಭಾವ ಬೇಡ ಅಂದಿದ್ದರೆ ಆ ಸಾಲಿನಲ್ಲಿ ನನಗೆ ಒಂದು ಬಾಗಿಲೂ ತೆರೆಯುತ್ತಿರಲಿಲ್ಲ. ಇಡೀ ಸಾಲಿನ ಗಂಡಸರ ತಲೆ ಅವರ ಕೈಯಲ್ಲಿ. ಸಂಘದ ಭವನದ ಬೀಗದಕೈ ಅವರ ಜೇಬಿನಲ್ಲಿ, ನಮ್ಮ ಹೆಂಗಸರ ಸಭೆ ನಡೆಯುತ್ತಿದ್ದದ್ದು ಆ ಭವನದಲ್ಲೇ. ನಮ್ಮ ಹುಡುಗಿ, ಒಳ್ಳೇ ಕೆಲಸ ಮಾಡ್ತಾಳೆ, ಬಾಗಿಲು ತೆಗೀರಿ ಅಂತ ಮನೆ ಮನೆಗೂ ಹೇಳಿದವರು ಅವರೇ. ಪೊಲೀಸ್ ಠಾಣೆಯಲ್ಲಿ ನಮ್ಮ ಭಾಷೆ ಬರುವವರು ಬೇಕಾದರೆ ಅಂಗಡಿಗೆ ಫೋನ್ ಬರುತ್ತಿತ್ತು, ಕತ್ತರಿ ಕೆಳಗಿಟ್ಟು ಹೋಗಿ ಅನುವಾದ ಮಾಡಿ ಬರುತ್ತಿದ್ದರು. ಆ ಬಗ್ಗೆ ನಾನು ಎಷ್ಟು ಹೆಮ್ಮೆ ಕೊಚ್ಚಿಕೊಂಡಿದ್ದೇನೆ. ಸಾಲಿನ ಯಾವ ಹೆಂಗಸು ದೂರು ಕೊಡಲು ಹೋದರೂ ಅವಳ ಮಾತು ಭಾವನ ಬಾಯಿಂದಲೇ ಪೊಲೀಸರಿಗೆ ತಲುಪಬೇಕು, ಹಾಗಾದರೆ ಹನ್ನೊಂದನೇ ಮನೆಯವಳು ಯಾರ ಹತ್ತಿರ ಹೋಗಬೇಕು ಅಂತ ನನಗೆ ಒಂದು ದಿನವೂ ಹೊಳೆಯಲಿಲ್ಲ. ಹೊಳೆಯಲಿಲ್ಲ ಅನ್ನುವುದೂ ಪೂರ್ತಿ ನಿಜವಲ್ಲ.

ಎರಡು ವರ್ಷದ ಹಿಂದಿನ ಬೇಸಿಗೆ. ನೀನು ಮೇಲಿನ ಹಲಗೆಯಿಂದ ಸಕ್ಕರೆ ಡಬ್ಬಿ ತೆಗೆಯಲು ಕೈ ಎತ್ತಿದೆ. ಅಂಗಿಯ ತೋಳು ಜಾರಿತು. ಮೊಣಕೈ ಮೇಲೆ ನಾಲ್ಕು ನೀಲಿ ಗುರುತು, ಹಿಂದೆ ಒಂದು. ಏನಕ್ಕಾ ಅದು ಅಂದೆ. ಕಾರ್ಖಾನೆಯ ಟ್ರಾಲಿ ತಾಗಿತು ಅಂದೆ ನೀನು. ಟ್ರಾಲಿಗೆ ಬೆರಳು ಇರುವುದಿಲ್ಲ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅದೇ ವಾರ ಆರನೇ ಮನೆಯಲ್ಲಿ ಅಂಥದೇ ಗುರುತು ನೋಡಿ ಆಫೀಸಿನಲ್ಲಿ ಬರೆಸಿದ್ದೆ. ನಿನ್ನ ಮುಂದೆ ಮಾತ್ರ, ಮುಲಾಮು ಹಚ್ಚಿಕೋ ಅಂದೆ. ಟೀಗೆ ಸಕ್ಕರೆ ಜಾಸ್ತಿ ಆಯ್ತು ಅಂತ ತಕರಾರು ಬೇರೆ ಮಾಡಿದೆ. ಜಾಣ ಕುರುಡು ಅಂತಾರಲ್ಲ, ಅದಕ್ಕೆ ನನ್ನನ್ನು ಬಿಟ್ಟು ಬೇರೆ ಸಾಕ್ಷಿ ಬೇಡ.

ಇನ್ನೊಂದು ಇದೆ. ಇದನ್ನು ಬರೆಯುವುದಕ್ಕೇ ಇವತ್ತು ರಜೆ ಹಾಕಿದ್ದು. ಹೋದ ವರ್ಷ ಒಂದು ಭಾನುವಾರ ಊಟ ಆದ ಮೇಲೆ ಚೀಲ ಅಲ್ಲೇ ಗೋಡೆಗೆ ಒರಗಿತ್ತು. ನೀನು ತಟ್ಟೆ ತೆಗೆಯುತ್ತಾ, ನನ್ನ ಮುಖ ನೋಡದೆ, ನನಗೂ ಒಂದು ಸಲ ಬಿಪಿ ನೋಡೇ ಅಂದೆ. ಭಾವ ಎದುರಿಗೇ ಕೂತಿದ್ದರು. ನಾನು ನಕ್ಕೆ. ನಿನಗೇನಾಗಿದೆ, ಗುಂಡುಕಲ್ಲಿನ ಹಾಗೆ ಇದ್ದೀಯ ಅಂದೆ. ಭಾವನೂ ನಕ್ಕು, ನೋಡೋದಾದ್ರೆ ನಂದು ನೋಡಮ್ಮ ಅಂತ ಅಂಗಿಯ ತೋಳು ಮಡಚಿ ಕೈ ಚಾಚಿದರು. ಪಟ್ಟಿ ಕಟ್ಟಿ ನೋಡಿದೆ. ನೂರಾ ಇಪ್ಪತ್ತಕ್ಕೆ ಎಂಬತ್ತು. ಏನು ಬಿಪಿ ಭಾವಾ, ಇಪ್ಪತ್ತರ ಹುಡುಗನ ಹಾಗೆ ಅಂದೆ. ನೀನು ತಟ್ಟೆ ತೆಗೆದುಕೊಂಡು ಒಳಗೆ ಹೋದೆ. ನಲ್ಲಿ ನೀರು ತುಂಬಾ ಹೊತ್ತು ಸುರಿಯುತ್ತಿತ್ತು.

ಆಮೇಲೆ ಹೋದ ತಿಂಗಳು ನನಗೆ ಜ್ವರ ಬಂತು. ನನ್ನ ಬದಲು ದರ್ಜಿಯಕ್ಕ ಹೋದಳು. ಮೊದಲು ಬಟ್ಟೆ ಹೊಲಿಯುತ್ತಿದ್ದು, ಗಂಡ ಸತ್ತ ಮೇಲೆ ನಮ್ಮಲ್ಲಿಗೆ ಸೇರಿದ ಐವತ್ತರ ಹೆಂಗಸು. ಅವಳಿಗೆ ಹನ್ನೊಂದನೆಯದು ಯಾರ ಮನೆ ಅಂತ ಗೊತ್ತಿರಲಿಲ್ಲ. ಒಂದು ಮನೆಯನ್ನೂ ಬಿಡಬೇಡ ಅಂತ ನಾನೇ ಕಲಿಸಿದ್ದೆ, ಅವಳು ಬಿಡಲಿಲ್ಲ. ತಟ್ಟಿದಳು. ಭಾವ ಅಂಗಡಿಯಲ್ಲಿದ್ದರು. ಅವಳು ಕೇಳುವ ಮೊದಲೇ ನೀನು ತೋಳು ಮಡಚಿದೆಯಂತೆ. ಅಲ್ಲಿ ಏನು ಮಾತಾಯಿತು ಅಂತ ಅವಳು ನನಗೆ ಹೇಳಿಲ್ಲ, ಹೇಳುವುದೂ ಇಲ್ಲ, ನಮ್ಮ ಕೆಲಸ ಹಾಗೆ. ನೀನು ತಲುಪಿಸು ಅಂದ ಒಂದು ಮಾತನ್ನು ಮಾತ್ರ ತಲುಪಿಸಿದಳು. ಪ್ರತಿ ತಿಂಗಳು ಬಾಗಿಲ ಹಿಂದೆ ನಿಂತಿರುತ್ತಿದ್ದೆ ಅಂತ ನನ್ನ ತಂಗಿಗೆ ಹೇಳಿ. ಇಷ್ಟೇ.

ಮೂವತ್ತಾರು ತಿಂಗಳು ಅಕ್ಕಾ. ತಂಗಿಯಾಗಿ ಬಂದವಳಿಗೆ ನೀನು ಹೇಳಲಾರೆ, ಅಲ್ಲಿ ಭಾವ ಇರುತ್ತಿದ್ದರು, ಊಟ ಇರುತ್ತಿತ್ತು, ನಗು ಇರುತ್ತಿತ್ತು. ಚೀಲ ಹಾಕಿಕೊಂಡವಳು ಬಂದರೆ ಹೇಳಬಹುದು ಅಂತ ಕಾದೆ. ಹತ್ತನೇ ಮನೆಯ ಚಿಲಕದ ಸದ್ದು, ನನ್ನ ಚಪ್ಪಲಿ ಸದ್ದು ಹತ್ತಿರ ಬರುವುದು, ದಾಟಿ ಹೋಗುವುದು, ಎಲ್ಲ ನಿನಗೆ ಕೇಳಿಸುತ್ತಿತ್ತು ಅಂತಾಯಿತು. ಈಗ ಆ ಬೀದಿಯಲ್ಲಿ ನಡೆದರೆ ನನ್ನ ಚಪ್ಪಲಿ ಸದ್ದು ನನಗೇ ಸಹಿಸಲಾಗುವುದಿಲ್ಲ.

ದೊಡ್ಡಮೇಡಂ ಮುಂದೆ ಎಲ್ಲ ಒಪ್ಪಿಕೊಂಡೆ. ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು. ಠಾಣೆಗೆ ಪತ್ರ ಬರೆದರು, ಇನ್ನು ಮೇಲೆ ಹೆಂಗಸರ ದೂರಿಗೆ ಬೇರೆ ಊರಿನ ಅನುವಾದಕಿ ಫೋನಿನಲ್ಲಿ ಮಾತಾಡುತ್ತಾಳೆ. ಭಾವ ಸಂಘದ ಭವನದ ಬೀಗ ನಮಗೆ ತೆಗೆದುಕೊಡುವುದನ್ನು ನಿಲ್ಲಿಸಿದರು. ಈಗ ನಮ್ಮ ಸಭೆ ನಿನ್ನ ಕಾರ್ಖಾನೆಯ ಟೀ ಕೋಣೆಯಲ್ಲಿ, ಇಸ್ತ್ರಿ ಯಂತ್ರದ ಗದ್ದಲದ ಪಕ್ಕ. ಒಬ್ಬರ ಮಾತು ಒಬ್ಬರಿಗೆ ಕೇಳಿಸದು, ಅದೇ ಒಳ್ಳೆಯದಾಯಿತು ಅನ್ನುತ್ತಾರೆ ಹೆಂಗಸರು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತ ಸಂಘದ ಹಿರಿಯರು ಬಂದು ಉಪದೇಶ ಮಾಡಿದರು. ಉಣ್ಣಲಿಕ್ಕೂ ಮಲಗಲಿಕ್ಕೂ ಬಿಟ್ಟರೆ ತಾನೇ ಅಂತ ರೇಡಿಯೋ ಅಜ್ಜಿ ಅವರ ಮುಖದ ಮೇಲೇ ಹೇಳಿದಳು. ಈ ತಿಂಗಳು ಇಬ್ಬರು ಹೆಂಗಸರು ನಾನು ಕೇಳುವ ಮೊದಲೇ ತೋಳು ಮಡಚಿದರು. ಹನ್ನೊಂದನೇ ಮನೆಯವಳೇ ಹೊರಗೆ ಬಂದಳು ಅಂದಮೇಲೆ ನಮಗೇನು ಭಯ ಅಂದರು. ಅದು ನೀನು ಮಾಡಿದ ಕೆಲಸ, ನಾನಲ್ಲ.

ಶನಿವಾರ ಮೊದಲ ಸಲ ಹನ್ನೊಂದನೇ ಮನೆಯ ಬಾಗಿಲನ್ನೂ ತಟ್ಟಿದೆ. ನಿಯಮ ನಿಯಮವೇ. ಭಾವ ತೆಗೆದರು. ಈಗ ಯಾರಿಗೆ ನೋಡ್ತೀಯಮ್ಮ ಅಂತ ಕೇಳಿದರು, ಸಿಟ್ಟಿಲ್ಲದೆ, ಮೆತ್ತಗೆ. ಚೀಲವನ್ನು ಹೆಗಲಿಗೆ ಏರಿಸಿಕೊಂಡು ಹನ್ನೆರಡನೇ ಮನೆಗೆ ಹೋದೆ. ಅವರ ಹಿಂದೆ ಒಳಗೆ ನಿನ್ನ ಬೂದು ಸ್ವೆಟರ್ ಗೂಟಕ್ಕೆ ಹಾಗೇ ನೇತಾಡುತ್ತಿತ್ತು.

ನಿನ್ನ ನೆನಪು ಹೇಗೆ ಬರುತ್ತದೆ ಗೊತ್ತಾ? ದೊಡ್ಡ ವಿಷಯಕ್ಕೆ ಬರುವುದಿಲ್ಲ. ಉಗುರು ಕತ್ತರಿಸುವಾಗ ಬರುತ್ತದೆ, ಎಡಗೈಯಿಂದ ಬಲಗೈಯದು ನನಗೆ ಇವತ್ತಿಗೂ ಬರುವುದಿಲ್ಲ, ನೀನೇ ಕತ್ತರಿಸಬೇಕಿತ್ತು. ನೀನು ಶಾಲೆಗೆ ಹೋದರೆ ನಾನು ಹಿಂದೆ, ಮದುವೆಯಾಗಿ ಹೋದರೆ ಹಿಂದೆ, ಈ ಊರಿಗೆ ಬಂದರೆ ಪೆಟ್ಟಿಗೆ ಹಿಡಿದುಕೊಂಡು ಹಿಂದೆ. ಅದಕ್ಕೇ ತಾನೇ ಬಾಲ ಅಂತ ಹೆಸರಿಟ್ಟದ್ದು. ಮೊದಲ ಸಲ ನೀನು ನನ್ನನ್ನು ಬಿಟ್ಟು ಒಬ್ಬಳೇ ಹೋಗಿದ್ದೀಯ. ಹೋಗಬೇಕಾದ ಜಾಗಕ್ಕೇ ಹೋಗಿದ್ದೀಯ.

ತಪ್ಪನ್ನು ಹೊಟ್ಟೆಗೆ ಹಾಕಿಕೋ ಅಂತ ಕೇಳುವುದಿಲ್ಲ. ಸಣ್ಣ ತಪ್ಪಿಗೆ ಕೇಳುವ ಮಾತು ಅದು. ಅಲ್ಲಿ ನಿನಗೆ ಮಲಗಲು ಗೋಡೆ ಕಡೆಯ ಮಂಚ ಸಿಕ್ಕಿದೆಯಾ, ಬೆಳಿಗ್ಗೆ ಬಿಸಿಯಾಗಿ ಕುಡಿಯಲು ಕೊಡುತ್ತಾರಾ, ತೋಳಿಲ್ಲದ ಅಂಗಿ ಹಾಕಿಕೊಳ್ಳುವಷ್ಟು ಸೆಕೆ ಇದೆಯಾ, ಇಷ್ಟು ತಿಳಿದರೆ ಸಾಕು. ಬರೆಯಲು ಮನಸ್ಸಾದರೆ ಬರೆ. ಆಗದಿದ್ದರೆ ದೊಡ್ಡಮೇಡಂ ಹತ್ತಿರ ಓದಿದೆ ಅಂತ ಒಂದು ಮಾತು ಹೇಳಿ ಕಳಿಸು.

ಈಗ ಲೋಟ ತೊಳೆಯುತ್ತೇನೆ.

ಎಂದಿಗೂ ನಿನ್ನವಳೇ ಆದ,
ಬಾಲ

ತಾ.ಕ.: ಕವರು ಅಂಟಿಸಲು ಹೋಗಿ ನಿಲ್ಲಿಸಿದೆ. ಮೊದಲನೇ ಹಾಳೆ ನಾನಾಗಿ ಬರೆದದ್ದಲ್ಲ. ಭಾನುವಾರ ಭಾವ ಬಂದಿದ್ದರು. ನೀನು ಬರೆದರೆ ಅವಳು ಉತ್ತರ ಕೊಟ್ಟೇ ಕೊಡ್ತಾಳೆ ಅಂತ ಎದುರಿಗೆ ಕೂತು ಬರೆಸಿದರು. ಅಂಗಲಾಚಿ ಅನ್ನುವುದು ಅವರ ಮಾತು. ಬಸ್ ನಿಲ್ದಾಣ ಅವರದು. ಒಬ್ಬಳೇ ಬರುತ್ತೇನೆ ಅನ್ನುವುದೂ ಅವರದು. ಉತ್ತರ ಬಂದರೆ ಕವರು ಮಾತ್ರ ತೋರಿಸು ಸಾಕು, ಒಳಗಿನದು ಅಕ್ಕತಂಗಿಯರ ಮಾತು, ನನಗೆ ಬೇಡ ಅಂದರು. ಅಂಚೆಯ ಮುದ್ರೆಯಲ್ಲಿ ಊರಿನ ಹೆಸರು ಇರುತ್ತದೆ ಅಂತ ಅವರಿಗೂ ಗೊತ್ತು, ನನಗೂ ಗೊತ್ತಿತ್ತು. ಊರಿನ ಹೆಂಗಸರಿಗೆಲ್ಲ ಆಗಲ್ಲ ಅಂತ ಬಾಯಿಬಿಟ್ಟು ಹೇಳುವುದನ್ನು ಕಲಿಸುವ ನಾನು ಹ್ಞೂಂ ಅಂದೆ. ಅವರ ಮನೆಯ ಅನ್ನ ತಿಂದು ಬೆಳೆದ ಬಾಯಿ, ಅವರ ಎದುರಿಗೆ ಇನ್ನೂ ತಿರುಗುವುದಿಲ್ಲ. ಮುಂದೆ ತಿರುಗೀತು, ಇವತ್ತಿಗೆ ಇಲ್ಲ. ಆ ಹಾಳೆಯನ್ನು ಹರಿದು ಹಾಕಬಹುದಿತ್ತು. ಹಾಕಲಿಲ್ಲ. ನನ್ನ ಅಕ್ಷರದಲ್ಲಿ ಅವರ ಮಾತು ಬಂದರೆ ಹೇಗಿರುತ್ತದೆ ಅಂತ ನೀನು ಒಂದು ಸಲ ನೋಡಿರಬೇಕು, ಇನ್ನೊಮ್ಮೆ ಬಂದರೆ ಗುರುತು ಸಿಗುತ್ತದೆ. ಬರೆಯುವುದಾದರೆ ದೊಡ್ಡಮೇಡಂ ಕೈಗೆ ಕೊಡು, ಅಂಚೆಗೆ ಹಾಕಬೇಡ. ಎಲ್ಲಿದ್ದೀಯ ಅಂತ ಮಾತ್ರ ನನಗೆ ತಿಳಿಸಬೇಡ ಅಕ್ಕಾ. ನಾನೇ ಕೇಳಿದರೂ, ಅತ್ತು ಕೇಳಿದರೂ ಹೇಳಬೇಡ.